ಒಂದು ಮಂಡಲದ ರಜೆ

ಏಪ್ರಿಲ್ 10ರ ಸಂಜೆ ನಮ್ಮೂರ ಶಾಲೆಗೆ ಬೀಗ ಬೀಳುತ್ತದೆ. ಫಲಿತಾಂಶದ ಕಾಗದ ಕೈಯಲ್ಲಿ ಹಿಡಿದ ಮಕ್ಕಳು ಕೂಗುತ್ತಾ ಓಡುತ್ತಾರೆ, ಮೇಷ್ಟ್ರು ಬೀಗದ ಕೈಯನ್ನು ಜೇಬಿಗಿಳಿಸಿ ಬಸ್ಸು ಹತ್ತುತ್ತಾರೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದರೆ ಅವರು ಸಿಗುವುದು ಗ್ರಾಮ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ. ಅಲ್ಲಿ ಹೊಂಗೆ ಮರದ ನೆರಳಿದೆ, ಕುಡಿಯುವ ನೀರಿನ ನಲ್ಲಿಯಿದೆ, ಪಕ್ಕದ ಕೋಣೆಯಲ್ಲಿ ಗ್ರಂಥಾಲಯವಿದೆ. ಊರಿನಲ್ಲಿ ಬಾಗಿಲು ತೆರೆದಿರುವ ಸರ್ಕಾರಿ ಕಟ್ಟಡ ಎಂದರೆ ಅಂಗನವಾಡಿ ಬಿಟ್ಟರೆ ಅದೊಂದೇ.

ಕಳೆದ ಕೆಲವು ಬೇಸಿಗೆಗಳಿಂದ ನಾನು ಊರಿಗೆ ಹೋದಾಗಲೆಲ್ಲ ಆ ಜಗಲಿಯ ಮೇಲೆ ಒಂದಿಷ್ಟು ಹೊತ್ತು ಕೂರುತ್ತೇನೆ. ಗೋಡೆಯ ಮೇಲಿನ ಸೂಚನಾ ಫಲಕ ಓದುತ್ತೇನೆ. ಏಪ್ರಿಲ್‌ ಬಂತೆಂದರೆ ಅದರಲ್ಲಿ ಜಾಗವೇ ಸಾಲದು. ಹೊಸ ಸಾಲಿನ ಮನೆ ಕಂದಾಯ ಕಟ್ಟಿ ಎಂಬ ಕಾಗದ, ಕೆರೆ ಏರಿಯ ಹುಣಸೆ ಮರಗಳ ಫಸಲಿನ ಹರಾಜು, ಜಾತ್ರೆಯಲ್ಲಿ ಅಂಗಡಿ ಹಾಕುವವರಿಂದ ಸುಂಕ ಎತ್ತುವ ಹಕ್ಕಿನ ಹರಾಜು, ಉದ್ಯೋಗ ಖಾತ್ರಿ ಕೆಲಸಕ್ಕೆ ಅರ್ಜಿ ಕೊಡಿ ಎಂಬ ಕರೆ, ಟ್ಯಾಂಕರ್ ಬರುವ ಬೀದಿಗಳ ಪಟ್ಟಿ. ಇವೆಲ್ಲದರ ನಡುವೆ ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ಹಾಳೆ: ಮಕ್ಕಳ ಬೇಸಿಗೆ ಶಿಬಿರ, ಅರಿವು ಕೇಂದ್ರದಲ್ಲಿ, ಎಲ್ಲರೂ ಬನ್ನಿ, ಶುಲ್ಕವಿಲ್ಲ.

ಬಹಳ ಕಾಲ ನಾನು ಈ ಕಾಗದಗಳನ್ನು ಒಂದಕ್ಕೊಂದು ಸಂಬಂಧವಿಲ್ಲದವು ಎಂದೇ ಓದುತ್ತಿದ್ದೆ. ನೀರಿನದು ನೀರಿನ ಸುದ್ದಿ, ಶಿಬಿರದ್ದು ಮಕ್ಕಳ ಸುದ್ದಿ. ಹಾಗಲ್ಲ ಎಂದು ತಿಳಿಸಿದ್ದು ಶಿಬಿರಕ್ಕೆ ತಡವಾಗಿ ಬಂದ ಒಬ್ಬ ಹುಡುಗಿ.

ಹನ್ನೊಂದು ಗಂಟೆ ದಾಟಿತ್ತು. ಲಂಗದ ಅಂಚು ಒದ್ದೆ, ಉಸಿರು ಮೇಲೆ ಕೆಳಗೆ. ಗ್ರಂಥಾಲಯದ ಅಕ್ಕ, “ಯಾಕವ್ವ ಇಷ್ಟೊತ್ತು? ಕತೆ ಮುಗೀತಲ್ಲ,” ಅಂದರು. “ಇವತ್ತು ನಮ್ಮ ಬೀದಿಗೆ ಹತ್ತು ಗಂಟೆಗೆ ನೀರು ಬಿಟ್ರು ಅಕ್ಕ. ಅವ್ವ ಕೆಲ್ಸಕ್ಕೋಗೈತೆ. ಎಂಟು ಕೊಡ ಹಿಡಿದು ಬಂದೆ.” ಅಷ್ಟು ಹೇಳಿ ಚಾಪೆಯ ತುದಿಯಲ್ಲಿ ಕೂತಳು. ಅಕ್ಕ ಹಾಜರಿ ಪುಸ್ತಕ ತಿರುವಿ ನನಗೆ ತೋರಿಸಿದರು. ಯಾವ ದಿನ ಯಾವ ಬೀದಿಗೆ ಹತ್ತು ಗಂಟೆಗೆ ನೀರು ಬಂದಿದೆಯೋ ಆ ದಿನ ಆ ಬೀದಿಯ ಹುಡುಗಿಯರ ಹೆಸರಿನ ಮುಂದೆ ಖಾಲಿ ಜಾಗ. ಹುಡುಗರ ಹೆಸರಿನ ಮುಂದೆ ಹಾಗಿರಲಿಲ್ಲ.

ಆ ಸಂಜೆಯೇ ಅಕ್ಕ ನೀರುಗಂಟಿಯನ್ನು ತಡೆದು ನಿಲ್ಲಿಸಿ ಕೇಳಿದರು. “ಅಣ್ಣ, ಬೆಳಿಗ್ಗೆ ಏಳಕ್ಕೇ ಬಿಟ್ಟುಬಿಡಿ, ಹುಡ್ಗೀರು ಬರಕ್ಕಾಯ್ತದೆ.” ಅವರು ತಲೆ ಕೆರೆದುಕೊಂಡರು. ಮೂರು ಫೇಸ್ ಕರೆಂಟು ಬಂದರೆ ಮೋಟಾರು, ಮೋಟಾರು ಓಡಿದರೆ ತೊಟ್ಟಿ ತುಂಬುವುದು, ತೊಟ್ಟಿ ತುಂಬಿದರೆ ವಾಲ್ವು. ಆದರೂ ಎರಡು ದಿನ ಬಿಟ್ಟು ವ್ಯವಸ್ಥೆ ಬದಲಾಯಿತು. ರಾತ್ರಿಯೇ ತೊಟ್ಟಿ ತುಂಬಿಸಿಟ್ಟು ಬೆಳಗಾಗುತ್ತಲೇ ನೀರು ಬಿಡಲು ಅವರು ಒಪ್ಪಿದರು. ಖರ್ಚಿಲ್ಲದ ಬದಲಾವಣೆ. ಶಿಬಿರದ ಹಾಜರಿಯನ್ನು ತೀರ್ಮಾನಿಸುವುದು ಶಿಬಿರದ ಚೆಂದವಲ್ಲ, ನೀರು ಬಿಡುವ ಹೊತ್ತು ಎಂಬುದನ್ನು ನಾನು ಕಲಿತದ್ದು ಹೀಗೆ.

2024ರಲ್ಲೂ 2025ರಲ್ಲೂ ನಮ್ಮ ಸರ್ಕಾರಿ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ ಇತ್ತು. ಎಣಿಸಿದರೆ 48 ದಿನ. ಹಳೆಯ ಕಾಲದ ಪಂಡಿತರು ಮದ್ದು ಕೊಟ್ಟು ಪಥ್ಯ ಹೇಳುವಾಗ ಲೆಕ್ಕ ಹಾಕುತ್ತಿದ್ದ ಒಂದು ಮಂಡಲ. ಈ ಒಂದು ಮಂಡಲ ಕಾಲ ಮಗುವಿನ ಊಟ, ಆಟ, ಓದು, ಸುರಕ್ಷೆ ಇವನ್ನೆಲ್ಲ ನೋಡುತ್ತಿದ್ದ ಶಾಲೆ ಇರುವುದಿಲ್ಲ. ಅಪ್ಪ ಅಮ್ಮ ಕೂಲಿಗೆ ಹೋಗಿರುತ್ತಾರೆ. ಹಾಗಾದರೆ ಆ ಹೊಣೆ ಯಾರ ಮೇಲೆ ಬಂದು ಕೂರುತ್ತದೆ? ಯಾವ ಆದೇಶದಲ್ಲೂ ಬರೆಯದಿದ್ದರೂ ಅದು ಪಂಚಾಯಿತಿಯ ಮೇಲೆಯೇ ಬಂದು ಕೂರುತ್ತದೆ ಎಂಬುದು ನನ್ನ ತಿಳಿವಳಿಕೆ. ಇದನ್ನು ಅರಿತ ಪಂಚಾಯಿತಿಗೂ ಅರಿಯದ ಪಂಚಾಯಿತಿಗೂ ಬೇಸಿಗೆಯಲ್ಲಿ ಅಜಗಜಾಂತರ.

ಮಂಡಲ ಎಂಬ ಮಾತು ಬಂದಾಗ ಹಿರಿಯರಿಗೆ ಇನ್ನೊಂದು ನೆನಪೂ ಬರುತ್ತದೆ. ಇಂದಿನ ಗ್ರಾಮ ಪಂಚಾಯಿತಿಗೆ ಮೊದಲು ನಮ್ಮಲ್ಲಿದ್ದದ್ದು ಮಂಡಲ ಪಂಚಾಯಿತಿ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಬಂತು, 1987ರಲ್ಲಿ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಮೀಸಲಿಟ್ಟ ಆ ಕಾಯ್ದೆ ದೇಶಕ್ಕೇ ದಾರಿ ತೋರಿತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ ಆ ಮಂತ್ರಿಯನ್ನು ಜನ ನೀರ್ ಸಾಬ್ ಎಂದೇ ಕರೆದರು. ಅಧಿಕಾರವನ್ನು ಹಳ್ಳಿಗೆ ಇಳಿಸಿದ ಮನುಷ್ಯನನ್ನು ಜನ ನೆನಪಿಟ್ಟುಕೊಂಡದ್ದು ನೀರಿನ ಹೆಸರಿನಲ್ಲಿ. ಬೇಸಿಗೆಯಲ್ಲಿ ಪಂಚಾಯಿತಿ ಎಂದರೆ ಮೊದಲು ನೀರು, ಉಳಿದದ್ದೆಲ್ಲ ಆಮೇಲೆ. ಜಲಜೀವನ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಏಪ್ರಿಲ್ ಕೊನೆಯ ವಾರ ಅಂತರ್ಜಲ ಕೆಳಗಿಳಿದಾಗ ಆ ಲೆಕ್ಕದ ಕೊರತೆ ತುಂಬುವುದು ಖಾಸಗಿ ತೋಟದ ಬಾಡಿಗೆ ಕೊಳವೆಬಾವಿ, ಟ್ಯಾಂಕರ್ ಮತ್ತು ಹತ್ತು ಹನ್ನೆರಡು ವರ್ಷದ ಹುಡುಗಿಯರ ಸೊಂಟ.

ಶಿಬಿರ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ನೋಡಿದವರಿಗೆ ಮಕ್ಕಳ ಬೇಸಿಗೆ ಶಿಬಿರ ಎಂದರೆ ಮುಖವಾಡ, ಕುಣಿತ, ಕೊನೆಯ ದಿನದ ನಾಟಕ, ರಂಗದ ಮೇಲೆ ಬಣ್ಣದ ಹೊಳೆ. ಬೆಂಗಳೂರಿನ ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಆಟದ ರೈಲು, ಕರಕುಶಲ. ನಗರದ ಖಾಸಗಿ ಶಿಬಿರಗಳಲ್ಲಿ ಒಂದು ವಾರಕ್ಕೆ ಕೇಳುವ ಶುಲ್ಕದಲ್ಲಿ ನಮ್ಮೂರಿನ ಒಂದು ಶಿಬಿರವನ್ನು ಪೂರ್ತಿ ನಡೆಸಬಹುದು. ಹಳ್ಳಿಯ ಶಿಬಿರದಲ್ಲಿರುವುದು ಎರಡು ಚಾಪೆ, ನಾಲ್ಕು ಚದುರಂಗದ ಮಣೆ, ಒಂದು ಕೇರಂ ಬೋರ್ಡು, ಕಪಾಟಿನ ತುಂಬ ಪುಸ್ತಕ, ಹಳೆಯ ಪೇಪರಿನ ಕಟ್ಟು. ಮೊದಲ ಗಂಟೆ ಓದು. ಆಮೇಲೆ ಪೇಪರು ಮಡಚಿ ದೋಣಿ, ಹಕ್ಕಿ, ಟೋಪಿ. ಮಧ್ಯೆ ಒಂದು ದಿನ ಊರಿನ ಅಜ್ಜಿಯೊಬ್ಬರು ಬಂದು ಕತೆ ಹೇಳುತ್ತಾರೆ, ಇನ್ನೊಂದು ದಿನ ಆರೋಗ್ಯ ಸಹಾಯಕಿ ಬಂದು ಕೈ ತೊಳೆಯುವುದನ್ನೂ ಓ.ಆರ್.ಎಸ್. ಕಲಸುವುದನ್ನೂ ತೋರಿಸುತ್ತಾರೆ. ಹುಣಸೆ ಬೀಜ ಒಂದು ಪಕ್ಕ ತೇಯ್ದು ಚೌಕಾಬಾರ ಆಡುವುದನ್ನು ಕಲಿಸಿದ್ದು ಕಂದಾಯ ಕಟ್ಟಲು ಬಂದಿದ್ದ ಒಬ್ಬ ತಾತ. ಆ ತಾತ ಆಮೇಲೆ ದಿನವೂ ಬರತೊಡಗಿದರು. ಅಳಗುಳಿಮಣೆ ಮನೆಯ ಅಟ್ಟದಿಂದ ಇಳಿದು ಬಂತು.

ಮಧ್ಯಾಹ್ನ ಒಂದಕ್ಕೆ ನೀರು ಮಜ್ಜಿಗೆ, ಹೆಸರುಕಾಳಿನ ಗುಗ್ಗರಿ. ಗುಗ್ಗರಿಗೆ ಕಾಳು ಕೊಡುವವರ ಹೆಸರು ಫಲಕದಲ್ಲಿ ಬರೆಯುತ್ತಾರೆ. ಮದುವೆಯಾದ ಮನೆಯವರು, ಮಗಳು ಪಾಸಾದ ಮನೆಯವರು, ಕೆಲವೊಮ್ಮೆ ಯಾರದೋ ತಿಥಿಯ ನೆನಪಿಗೆ. ಊರಿನ ದಾನಕ್ಕೆ ಯಾವಾಗಲೂ ದೇವಸ್ಥಾನದ ಬಾಗಿಲೇ ದಾರಿ ಆಗಿತ್ತು, ಈಗ ಪುಸ್ತಕದ ಕೋಣೆಗೂ ಒಂದು ಕವಲು ಒಡೆದಿದೆ. ಇದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ.

ಈ ಕೋಣೆ ಪಂಚಾಯಿತಿಯ ಕೈಗೆ ಬಂದ ಬಗೆಯನ್ನು ಹೇಳಬೇಕು. ಹಳ್ಳಿಯ ಗ್ರಂಥಾಲಯಗಳು ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೆಳಗಿದ್ದವು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಗ್ರಂಥಾಲಯ ಕರ ಬಂತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ ಆರು ಪೈಸೆ ಪುಸ್ತಕಕ್ಕೆಂದು ಹೋಗುತ್ತದೆ. ಮನೆ ಕಂದಾಯದ ರಸೀದಿ ಹಿಡಿದು ಒಮ್ಮೆ ನೋಡಿ, ಅದರಲ್ಲಿ ಆ ಸಾಲು ಕಾಣುತ್ತದೆ. 2019ರಲ್ಲಿ ಈ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. ಮರುವರ್ಷವೇ ಕೊರೊನಾ. ಶಾಲೆಗಳು ಮುಚ್ಚಿದವು, ಮೇಷ್ಟ್ರುಗಳು ಅರಳಿಕಟ್ಟೆ, ದೇವಸ್ಥಾನದ ಪ್ರಾಂಗಣಗಳಲ್ಲಿ ‘ವಿದ್ಯಾಗಮ’ ಎಂಬ ಪಾಠ ನಡೆಸಿದರು. ಅದೇ 2020ರ ನವೆಂಬರ್ 14ರಂದು ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಅಲ್ಲಿಯವರೆಗೆ ವಯಸ್ಸಾದವರು ಪೇಪರು ಓದಿ ತೂಕಡಿಸುವ ಜಾಗವಾಗಿದ್ದ ಕೋಣೆಗೆ ಮಕ್ಕಳು ನುಗ್ಗಿದರು. ಗೋಡೆಗೆ ಬಣ್ಣ ಬಂತು, ಅರಿವು ಕೇಂದ್ರ ಎಂಬ ಹೆಸರು ಬಂತು, ಕೆಲವೆಡೆ ಕಂಪ್ಯೂಟರ್ ಕೂಡ ಬಂತು.

ಹಾಗಾಗಿ ಶಾಲೆ ಮುಚ್ಚಿದಾಗ ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ನಮ್ಮ ಪಂಚಾಯಿತಿಗಳು ಕಲಿತದ್ದು ಆ ಕಷ್ಟಕಾಲದಲ್ಲಿ. ಇಂದಿನ ಬೇಸಿಗೆ ಶಿಬಿರ ಅದರ ಮುಂದುವರಿಕೆ. ಕಲಿತ ಪಾಠವನ್ನು ಮರೆಯುವ ಅಪಾಯವೂ ಇದೆ. ಆರು ಸಾವಿರಕ್ಕೆ ಹತ್ತಿರ ಪಂಚಾಯಿತಿಗಳಿರುವ ರಾಜ್ಯ ನಮ್ಮದು. ಎಲ್ಲ ಕಡೆ ಅದೇ ಉತ್ಸಾಹವಿದೆ ಎಂದರೆ ಸುಳ್ಳಾದೀತು. ನಾನು ಹೋದ ಇನ್ನೊಂದು ಊರಿನಲ್ಲಿ ಮೊದಲ ದಿನ ಬ್ಯಾನರ್ ಕಟ್ಟಿ ಫೋಟೊ ತೆಗೆದರು, ನಾಲ್ಕನೇ ದಿನ ಬಾಗಿಲಿಗೆ ಬೀಗವಿತ್ತು. ಮೇಲ್ವಿಚಾರಕರನ್ನು ಬೇರೆ ಕೆಲಸಕ್ಕೆ ಕರೆದೊಯ್ದಿದ್ದರು. ಕಿಟಕಿಯ ಸರಳು ಹಿಡಿದು ಒಳಗಿನ ಪುಸ್ತಕ ನೋಡುತ್ತಿದ್ದ ಇಬ್ಬರು ಹುಡುಗರು ನನ್ನನ್ನು ಕೇಳಿದರು, “ಮಾವ, ನಾಳೆ ತೆಗೀತಾರಾ?” ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಗಿಯರು ತಡವಾಗುವುದಕ್ಕೆ ಇನ್ನೊಂದು ಕಾರಣ ಕಂಕುಳ ಕೂಸು. ಬೇಸಿಗೆ ಎಂದರೆ ಕೆರೆ ಹೂಳೆತ್ತುವ, ಬದು ಹಾಕುವ ಖಾತ್ರಿ ಕೆಲಸದ ಕಾಲ. 2025–26ರ ಸಾಲಿನಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಸಮ. ತಾಯಿ ಆ ಕೆಲಸಕ್ಕೆ ಹೋದರೆ ಕೂಸನ್ನು ಯಾರು ಎತ್ತಿಕೊಳ್ಳಬೇಕು? ರಜೆಯಲ್ಲಿರುವ ಅಕ್ಕ. 2023ರ ಬಜೆಟ್ಟಿನಲ್ಲಿ ನಾಲ್ಕು ಸಾವಿರ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಘೋಷಣೆಯಾಯಿತು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ತಾಯಿ ನಿಶ್ಚಿಂತೆಯಿಂದ ದುಡಿಯಲಿ ಎಂದು ಮಾಡಿದ ಯೋಜನೆ. ಅದರ ಇನ್ನೊಂದು ಫಲವನ್ನು ನಾನು ಕಣ್ಣಾರೆ ಕಂಡೆ. ತಮ್ಮನನ್ನು ಕೂಸಿನ ಮನೆಯಲ್ಲಿ ಇಳಿಸಿ, ಎರಡೂ ಕೈ ಖಾಲಿಯಾದ ಹುಡುಗಿ ಚದುರಂಗದ ಮಣೆಯ ಮುಂದೆ ಕೂತಿದ್ದಳು. ಎದುರಿನ ಹುಡುಗನ ಕುದುರೆಯನ್ನು ಹೊಡೆದಾಗ ಅವಳು ನಗಲಿಲ್ಲ, ಮುಂದಿನ ನಡೆ ಯೋಚಿಸುತ್ತಿದ್ದಳು.

ಊಟದ ಮಾತು. ಶಾಲೆ ಇದ್ದಾಗ ಮಧ್ಯಾಹ್ನದ ಬಿಸಿಯೂಟ ಗ್ಯಾರಂಟಿ. ರಜೆಯಲ್ಲಿ? 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಅದರ ಮುಂದಿನ ಬೇಸಿಗೆ, 2024ರಲ್ಲಿ, ಆ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಡುವ ಏರ್ಪಾಡಾಯಿತು. ಅಡುಗೆಯವರು ಬಂದರು, ಒಲೆ ಉರಿಯಿತು. ಕೆಲವು ಶಾಲೆಗಳಲ್ಲಿ ಮಕ್ಕಳು ಕಡಿಮೆ ಬಂದರು ಎಂಬ ಮಾತೂ ಕೇಳಿಬಂತು. ಬಿಸಿಲಿನಲ್ಲಿ ಊಟಕ್ಕಾಗಿಯೇ ಒಬ್ಬೊಬ್ಬರೇ ನಡೆದು ಬರಲು ಮಕ್ಕಳಿಗೆ ಸಂಕೋಚ. ಅದೇ ಊಟವನ್ನು ಶಿಬಿರಕ್ಕೆ ಹೊಂದಿಸಿಬಿಟ್ಟರೆ ಆಟಕ್ಕೆ ಬಂದ ಮಗು ಉಂಡು ಹೋಗುತ್ತದೆ. ಹಸಿದು ಬಂದೆ ಎಂದು ಹೇಳಿಕೊಳ್ಳಬೇಕಾಗಿಲ್ಲ. ಶಿಬಿರಕ್ಕೂ ಬಿಸಿಯೂಟಕ್ಕೂ ಇಲಾಖೆ ಬೇರೆ ಬೇರೆ ಇರಬಹುದು, ಹೊಟ್ಟೆ ಒಂದೇ.

ಇನ್ನು ಹೇಳಬೇಕಾದ್ದು ಸಾವಿನ ಮಾತು. ಬೇಸಿಗೆ ರಜೆಯ ಸುದ್ದಿಗಳಲ್ಲಿ ಅದನ್ನು ಬಿಟ್ಟು ಬರೆದರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ.

ಶಿಬಿರದ ಎರಡನೇ ವಾರ ಮಕ್ಕಳು ಊರಿನ ನಕ್ಷೆ ಬರೆದರು. ಅಂಗಳದ ಮಣ್ಣಿನ ಮೇಲೆ ರಂಗೋಲಿ ಪುಡಿಯಲ್ಲಿ ಬೀದಿ, ಮನೆ, ಗುಡಿ, ಕೆರೆ. ನೀರಿರುವ ಜಾಗಕ್ಕೆ ನೀಲಿ, ಆಡುವ ಜಾಗಕ್ಕೆ ಹಸಿರು, ಭಯವಾಗುವ ಜಾಗಕ್ಕೆ ಕೆಂಪು ಪುಡಿ ಹಾಕಿ ಎಂದರು ಅಕ್ಕ. ಕೆಂಪು ಪುಡಿ ಬೇಗ ಮುಗಿಯಿತು. ದೊಡ್ಡವರಿಗೆ ಗೊತ್ತಿಲ್ಲದ ಜಾಗಗಳೆಲ್ಲ ಅಲ್ಲಿ ಬಂದವು. ಬೀದಿದೀಪ ಉರಿಯದ ತಿರುವು, ಕುಡಿದು ಕೂರುವವರ ಕಟ್ಟೆ, ಸೊಂಟದೆತ್ತರದಲ್ಲಿ ಜೋತುಬಿದ್ದ ವಿದ್ಯುತ್ ತಂತಿ, ಕೆರೆಯ ಮೂಲೆಯಲ್ಲಿ ಜೆಸಿಬಿ ಮಣ್ಣು ತೆಗೆದ ಗುಂಡಿ. ಈ ಕೊನೆಯದು ಬಹಳ ಮುಖ್ಯ. ನೀರು ಕಡಿಮೆಯಿದೆ ಎಂದು ಈಜಲು ಇಳಿದ ಮಗುವಿಗೆ ಆ ಗುಂಡಿ ಎಲ್ಲಿದೆ ಎಂದು ಕಾಣುವುದಿಲ್ಲ. ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಎರಡಾಳು ಆಳವಾಗುತ್ತದೆ.

ಕೃಷಿ ಹೊಂಡದ ಅಪಾಯ ಬೇರೆ ಬಗೆಯದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಒಣಭೂಮಿಯ ತುಂಬ ಹೊಂಡಗಳಾದವು, ರೈತನ ಬೆಳೆಯನ್ನು ಅವು ಉಳಿಸಿವೆ. ನೀರು ಇಂಗದಿರಲೆಂದು ಹಾಸುವ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಪಾಚಿ ಕಟ್ಟಿದರೆ ಕಾಲಿಗೆ ಹಿಡಿತವೇ ಸಿಗದು. ಈಜು ಬರುವವನೂ ಮೇಲೆ ಹತ್ತಲಾರ. ಸುತ್ತ ತಂತಿಬೇಲಿ ಬೇಕು, ಬೇಲಿಯಾಗುವ ತನಕ ನಾಲ್ಕು ಕಡೆಯಿಂದ ಗಂಟು ಹಾಕಿದ ಹಗ್ಗವನ್ನಾದರೂ ಒಳಕ್ಕೆ ಇಳಿಬಿಟ್ಟಿರಬೇಕು. ಗಂಟು ಹಾಕಿದ ಹಗ್ಗಕ್ಕೆ ಎಷ್ಟು ಖರ್ಚಾದೀತು?

ಕೊಳವೆಬಾವಿಯ ಎರಡು ಏಪ್ರಿಲ್‌ಗಳನ್ನು ನಾವು ಮರೆಯಬಾರದು. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಬಾಲಕಿಗಾಗಿ ಎರಡು ದಿನಕ್ಕೂ ಹೆಚ್ಚು ಕಾಲ ಅಗೆದರು. ಜೀವ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ವರ್ಷ ತುಂಬದ ಮಗು ಬಿತ್ತು. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ ಸುಮಾರು 20 ಗಂಟೆಗಳ ಬಳಿಕ ಜೀವಂತ ಹೊರತೆಗೆದಾಗ ಇಡೀ ನಾಡು ಉಸಿರು ಬಿಟ್ಟಿತು. ಎರಡೂ ಬೇಸಿಗೆಯಲ್ಲೇ ಆದದ್ದು ಅಚ್ಚರಿಯಲ್ಲ. ನೀರು ಬತ್ತಿದಾಗಲೇ ಹೊಸ ಬಾವಿ ಕೊರೆಯುವುದು, ಬತ್ತಿದ ಬಾವಿಯಿಂದ ಕೇಸಿಂಗ್ ಪೈಪು ಕಿತ್ತು ಒಯ್ಯುವುದು. ಕಿತ್ತ ಮೇಲೆ ಉಳಿಯುವುದು ಮಗುವಿನ ಅಗಲದ ತೂತು.

2010ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸ್ಪಷ್ಟ ನಿಯಮ ಕೊಟ್ಟಿದೆ. ಕೊರೆಯುವ 15 ದಿನ ಮೊದಲೇ ಜಮೀನಿನ ಮಾಲೀಕ ಲಿಖಿತವಾಗಿ ತಿಳಿಸಬೇಕು, ಕೊರೆಯುವಾಗ ಸುತ್ತ ಬೇಲಿ ಮತ್ತು ಫಲಕವಿರಬೇಕು, ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಬಿಗಿಯಾದ ಮುಚ್ಚಳ. ಬಿಟ್ಟುಹೋದ ಬಾವಿಯನ್ನು ಮಣ್ಣು, ಮರಳು, ಕಲ್ಲಿನಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಹಳ್ಳಿಗಳಲ್ಲಿ ಇದರ ಮೇಲೆ ಕಣ್ಣಿಡುವ ಹೊಣೆಯನ್ನು ಪಂಚಾಯಿತಿಯ ಮುಖ್ಯಸ್ಥರಿಗೂ ಕೊಟ್ಟಿದೆ. ನಮ್ಮೂರಿನ ನಕ್ಷೆಯಲ್ಲಿ ಮಕ್ಕಳು ಗುರುತಿಸಿದ ಇಂಥ ಬಾಯಿಗಳು ಐದು. ಒಂದರ ಮೇಲೆ ಗೋಣಿಚೀಲ, ಒಂದರ ಮೇಲೆ ಚಪ್ಪಡಿ, ಮೂರರ ಮೇಲೆ ಏನೂ ಇಲ್ಲ. ಪಂಚಾಯಿತಿಯ ಕಡತದಲ್ಲಿ ಒಂದೂ ಇರಲಿಲ್ಲ. ಆಡು ಮೇಯಿಸುವ, ನೇರಳೆ ಹಣ್ಣು ಹುಡುಕುವ, ಗಿಳಿಮರಿಗೆ ಮರ ಹತ್ತುವ ಮಕ್ಕಳಿಗೆ ಗೊತ್ತಿರುವಷ್ಟು ಊರಿನ ಮೂಲೆಗಳು ಯಾವ ಸಮೀಕ್ಷೆಗೂ ಗೊತ್ತಿಲ್ಲ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಕ್ಷೆಯ ಫೋಟೊ ತೆಗೆದುಕೊಂಡರು. ಮೂರನೇ ದಿನ ಟ್ರ್ಯಾಕ್ಟರ್ ಮಣ್ಣು ಹೊತ್ತು ಹೊರಟಿತು. ಹಿಂದೆ ಮಕ್ಕಳ ದಂಡು. ಮಣ್ಣು ಒಳಗೆ ಬೀಳುವ ಸದ್ದು ಕೇಳಲು ಒಬ್ಬ ಹುಡುಗ ಕಿವಿ ಕೊಟ್ಟು ನಿಂತಿದ್ದ. ಆಳದಿಂದ ಎಷ್ಟು ಹೊತ್ತಾದರೂ ಸದ್ದು ಬರಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ಮುಖ ಬಿಳಿಚಿಕೊಂಡಿತ್ತು.

ಬೇಸಿಗೆ ಮದುವೆಗಳ ಕಾಲವೂ ಹೌದು. ಎಂಟನೇ ತರಗತಿ ಮುಗಿಸಿದ ಹುಡುಗಿ ಹತ್ತು ದಿನ ಶಾಲೆಗೆ ಬಾರದಿದ್ದರೆ ಮೇಷ್ಟ್ರು ಮನೆಗೆ ಹೋಗಿ ಕೇಳುತ್ತಾರೆ. ರಜೆಯಲ್ಲಿ ಕೇಳುವವರಿಲ್ಲ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಆದರೆ ಕಾನೂನಿಗಿಂತ ಮೊದಲು ಬೇಕಾದದ್ದು ‘ಅವಳು ಇವತ್ತು ಯಾಕೆ ಬಂದಿಲ್ಲ’ ಎಂದು ಕೇಳುವ ಒಂದು ಬಾಯಿ. ಶಿಬಿರದ ಹಾಜರಿ ಪುಸ್ತಕ ಆ ಬಾಯಿಯಾಗಬಲ್ಲುದು. ಖಾಲಿ ಜಾಗ ಮೂರು ದಿನ ಮುಂದುವರಿದರೆ ಅಕ್ಕ ಆ ಮನೆಯ ಬಾಗಿಲಿಗೆ ಹೋಗುತ್ತಾರೆ. “ಸುಮ್ನೆ ಮಾತಾಡ್ಸಕ್ ಬಂದೆ ಕಣಮ್ಮ” ಅಂದು ಕೂರುತ್ತಾರೆ. ಹೆಚ್ಚಿನ ಸಲ ಹುಡುಗಿ ಅಜ್ಜಿ ಮನೆಗೆ ಹೋಗಿರುತ್ತಾಳೆ, ಸರಿ. ಹಾಗೆ ಕೇಳುವವರಿದ್ದಾರೆ ಎಂಬುದು ಊರಿಗೆ ಗೊತ್ತಾಗುತ್ತದಲ್ಲ, ಅದೇ ಒಂದು ಬೇಲಿ.

ಮದುವೆಯಂತೆ ಜಾತ್ರೆಗೂ ಬೇಸಿಗೆಯೇ ಕಾಲ, ಅದರ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಕಲ್ಯಾಣಸೇವೆ, ತೇರು, ಕೊಂಡ, ಮಾರಿಹಬ್ಬ ಎಲ್ಲ ಊರಿಗೂ ಅದರದರ ಸೊಗಸಿದೆ. ಪಂಚಾಯಿತಿಗೆ ಅದು ಒಂದು ವಾರದ ನಿದ್ದೆಗೇಡು. ಕುಡಿಯುವ ನೀರು, ದೀಪ, ಚರಂಡಿ, ತೇರಿನ ಬೀದಿಯ ಗುಂಡಿ ಮುಚ್ಚುವುದು, ಮುಗಿದ ಮೇಲೆ ಎಲೆ ಲೋಟ ಬಾಚುವುದು. ಕಳೆದ ಸಲ ಶಿಬಿರದ ದೊಡ್ಡ ಮಕ್ಕಳು ಅರವಟ್ಟಿಗೆಯಲ್ಲಿ ಪಾನಕ ಹಂಚಿದರು, ಪ್ಲಾಸ್ಟಿಕ್ ಲೋಟ ಬೇಡವೆಂದು ಹಟ ಹಿಡಿದು ಮನೆ ಮನೆಯಿಂದ ಸ್ಟೀಲ್ ಲೋಟ ತಂದರು. ತೊಳೆಯುವ ನೀರಿಗಾಗಿ ಮತ್ತೆ ನೀರುಗಂಟಿಯ ಬಳಿಗೇ ಹೋಗಬೇಕಾಯಿತು.

ಕಲ್ಯಾಣ ಕರ್ನಾಟಕದ ಸ್ನೇಹಿತರು ನನ್ನ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತಾರೆ. ಹತ್ತು ಗಂಟೆಯ ಶಿಬಿರ ಅವರ ಕಡೆ ನಡೆಯದು. ಕಲಬುರಗಿ ವಿಭಾಗದಲ್ಲೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಮಕ್ಕಳ ಶಿಬಿರ ಅದಕ್ಕಿಂತ ಮುಂಚೆಯೇ ಮುಗಿಯಬೇಕು. ಮಲೆನಾಡು, ಕರಾವಳಿಯವರ ಚಿಂತೆ ಮತ್ತೊಂದು. ಅವರಿಗೆ ಮೇ ತಿಂಗಳು ಎಂದರೆ ಮಳೆಗೆ ಮೊದಲಿನ ಕೊನೆಯ ಅವಕಾಶ. ಹಳ್ಳ ದಾಟುವ ಕಾಲುಸಂಕದ ಮರ ಲಡ್ಡಾಗಿದ್ದರೆ ಈಗಲೇ ಬದಲಿಸಬೇಕು. ಜೂನ್‌ನಲ್ಲಿ ಹಳ್ಳ ತುಂಬಿದ ಮೇಲೆ ಅರ್ಜಿ ಕೊಟ್ಟರೆ ಮಗು ಶಾಲೆಗೆ ಹೋಗುವುದು ಹೇಗೆ? ಶಾಲೆಯ ಹೆಂಚು, ನೀರಿನ ತೊಟ್ಟಿ, ಶೌಚಾಲಯದ ಬಾಗಿಲು ಎಲ್ಲಕ್ಕೂ ಇದೇ ನಲವತ್ತೆಂಟು ದಿನ.

ಏಪ್ರಿಲ್ 24 ಕನ್ನಡಿಗರಿಗೆ ರಾಜಕುಮಾರ್ ಹುಟ್ಟಿದ ದಿನ. ಊರಿನ ಸರ್ಕಲ್‌ನಲ್ಲಿ ಅಣ್ಣಾವ್ರ ಪಟಕ್ಕೆ ಹೂವಿನ ಹಾರ, ಮಜ್ಜಿಗೆ ಪಾನಕ. ಅದೇ ದಿನ ರಾಷ್ಟ್ರೀಯ ಪಂಚಾಯತ್ ರಾಜ್ ದಿನವೂ ಹೌದು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷ ಮೇ 10ರಂದು. ಎರಡೂ ದಿನ ಬೇಸಿಗೆ ರಜೆಯೊಳಗೇ ಬೀಳುತ್ತವೆ. ಆಗಸ್ಟ್ 15, ಅಕ್ಟೋಬರ್ 2, ಜನವರಿ 26 ಇವುಗಳ ಬಗ್ಗೆ ಭಾಷಣ ಬಾಯಿಪಾಠ ಮಾಡುವ ಮಗುವಿಗೆ ತನ್ನ ಊರಿನ ಸರ್ಕಾರ ಹುಟ್ಟಿದ ದಿನ ಗೊತ್ತಾಗದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಆ ದಿನ ಶಾಲೆಯೇ ಇರುವುದಿಲ್ಲ! ಹಾಗಾಗಿ ಅದನ್ನು ಹೇಳಬೇಕಾದ್ದು ಪಂಚಾಯಿತಿಯೇ. ನಮ್ಮೂರಿನಲ್ಲಿ ಆ ದಿನ ಅಧ್ಯಕ್ಷರು ಮಕ್ಕಳನ್ನು ಸಭಾಂಗಣಕ್ಕೆ ಕರೆದು ತಮ್ಮ ಕುರ್ಚಿಯ ಸುತ್ತ ಕೂರಿಸಿಕೊಂಡರು. ಕಟ್ಟಿದ ಕಂದಾಯ ಎಲ್ಲಿಗೆ ಹೋಗುತ್ತದೆ, ಬೀದಿದೀಪದ ಬಿಲ್ಲು ತಿಂಗಳಿಗೆ ಎಷ್ಟು ಎಂದು ಹೇಳಿದರು. ಅವರು ಓದಿದ್ದು ಏಳನೇ ತರಗತಿ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದ ಮೇಲೆ ಗೆದ್ದು ಬಂದವರು. ಒಬ್ಬ ಹುಡುಗಿ ಕೈಯೆತ್ತಿ, “ಅಮ್ಮಾ, ನೀವು ಅಧ್ಯಕ್ಷರಾಗಕ್ಕೆ ಏನೇನ್ ಓದಿದ್ರಿ?” ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದಕ್ಕೆ ಆಗ್ಲಿಲ್ಲ ಕಂದ. ಅದಕ್ಕೇ ನೀನು ದಿನಾ ಬಾ,” ಅಂದರು.

ಮಕ್ಕಳ ಮಾತು ಕೇಳುವುದಕ್ಕೆ ನಮ್ಮ ರಾಜ್ಯದಲ್ಲಿ ಏರ್ಪಾಡು ಇಲ್ಲವೆಂದಲ್ಲ. 1990ರ ದಶಕದಲ್ಲೇ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿತು. ಆಮೇಲೆ ಸರ್ಕಾರವೇ ಮಕ್ಕಳ ಗ್ರಾಮ ಸಭೆಯನ್ನು ಪ್ರತಿ ಪಂಚಾಯಿತಿಯಲ್ಲೂ ವರ್ಷಕ್ಕೊಮ್ಮೆ ನಡೆಸುವ ಪದ್ಧತಿ ತಂದಿತು. ಅದು ಸಾಮಾನ್ಯವಾಗಿ ನಡೆಯುವುದು ಮಕ್ಕಳ ದಿನಾಚರಣೆಯ ಆಸುಪಾಸು, ಚಳಿಗಾಲದಲ್ಲಿ. ಶಾಲೆಯಿಂದ ಸಾಲಾಗಿ ಬಂದು ಕೂರುತ್ತಾರೆ, ಮೈಕಿನ ಮುಂದೆ ನಿಂತು ಕಾಂಪೌಂಡ್ ಬೇಕು, ಆಟದ ಮೈದಾನ ಬೇಕು ಎನ್ನುತ್ತಾರೆ. ಒಳ್ಳೆಯ ಬೇಡಿಕೆಗಳೇ. ಆದರೆ ಬೇಸಿಗೆಯಲ್ಲಿ ಅವರು ಕಂಡದ್ದು, ಎಂಟು ಕೊಡ, ಕೆಂಪು ಪುಡಿಯ ಜಾಗಗಳು, ಬೀಗ ಹಾಕಿದ ಬಾಗಿಲು, ಇವೆಲ್ಲ ಆ ಹೊತ್ತಿಗೆ ಮಾಸಿರುತ್ತವೆ. ಮಳೆ ಬಂದಿರುತ್ತದೆ, ಕೆರೆಯ ಗುಂಡಿ ನೀರಿನಡಿ ಮುಚ್ಚಿರುತ್ತದೆ. ಬೇಸಿಗೆಯ ಕಣ್ಣನ್ನು ಚಳಿಗಾಲದ ಸಭೆಗೆ ತಲುಪಿಸುವ ಒಂದು ದಾರಿ ಬೇಕು ಎಂದು ನಾನು ಅಕ್ಕನ ಬಳಿ ಹೇಳಿದೆ. ಅವರು ಆಗಲೇ ಯೋಚಿಸಿದ್ದರು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಹೊರಗೆ ಕಾಗದ ಹೊದಿಸಿದ್ದರು.

ಶಿಬಿರದ ಕೊನೆಯ ದಿನ ಮಕ್ಕಳು ಒಬ್ಬೊಬ್ಬರಾಗಿ ಅದರಲ್ಲಿ ಬರೆದರು. ಕೆಲವರ ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹತ್ತಿತ್ತು. ಐದು ಬಾವಿಗಳಲ್ಲಿ ನಾಲ್ಕು ಮುಚ್ಚಿದ್ದಾರೆ, ಈರಣ್ಣನ ಗುಡಿ ಹಿಂದಿನದು ಮುಚ್ಚಿಲ್ಲ. ಕೇರಂ ಬೋರ್ಡಿಗೆ ಪೌಡರ್ ಇಲ್ಲ. ಕತೆ ಪುಸ್ತಕ ಎಲ್ಲಾ ಓದಿ ಆಯಿತು, ಹೊಸದು ಬೇಕು. ಮೇ 28ರ ಸಂಜೆ ಆ ನೋಟ್‌ಬುಕ್ಕನ್ನು ಕಪಾಟಿನಲ್ಲಿಡಲು ಅಕ್ಕ ಎದ್ದಾಗ, ಮೊದಲ ವಾರ ಒದ್ದೆ ಲಂಗದಲ್ಲಿ ಬಂದಿದ್ದ ಆ ಹುಡುಗಿ, “ತಡೀರಿ ಅಕ್ಕ, ನಂದೊಂದು ಉಳೀತು,” ಎಂದು ಪೆನ್ನು ಇಸಕೊಂಡಳು. ಬಗ್ಗಿ ನೋಡಿದೆ. ನಾಳೆಯಿಂದ ಸ್ಕೂಲು, ನೀರು ಮುಂದೆಯೂ ಬೆಳಿಗ್ಗೆ ಏಳು ಗಂಟೆಗೇ ಬಿಡಬೇಕು ಎಂದು ಬರೆದು ಕೆಳಗೆ ತನ್ನ ಬೀದಿಯ ಹೆಸರು ಹಾಕುತ್ತಿದ್ದಳು.